ಹಳೆಯ ದೋಣಿ, ಹೊಸ ಒಡೆಯ

ಆಸ್ಟ್ರೇಲಿಯದ ಪರ್ತ್ ನಗರದಲ್ಲಿರುವ ನನ್ನ ಸೋದರಳಿಯನು ಕಳೆದ ತಿಂಗಳು ಒಂದು ಚಿತ್ರವನ್ನು ಕಳುಹಿಸಿದ್ದನು. ಎರಡು ಉದ್ದನೆಯ ಕಿರಿದಾದ ಒಡಲುಗಳು ಜೋಡೆತ್ತುಗಳಂತೆ ಅಕ್ಕಪಕ್ಕದಲ್ಲಿವೆ. ಅವನ್ನು ಕೂಡಿಸುವ ಅಡ್ಡತೊಲೆಗಳು. ತೊಲೆಗಳ ನಡುವೆ ಹಗ್ಗದಿಂದ ಬಿಗಿದ ಬಟ್ಟೆಯ ಹಾಸು. ಕೆಳಗೆ ಬರೆದಿದ್ದ: "ಮಾವ, ಇದು ಮೂವತ್ತು ವರ್ಷದ ಹಳೆಯ ಕ್ಯಾಟಮರಾನ್. ಬಹಳ ಅಗ್ಗಕ್ಕೆ ಸಿಕ್ಕಿತು. ಬಣ್ಣ ಹೊಡೆಸಿದರೆ ಹೊಸದೇ. ಮುಂದಿನ ಭಾನುವಾರ ಪುಟ್ಟಿಯನ್ನು ಕೂರಿಸಿಕೊಂಡು ಸಮುದ್ರಕ್ಕೆ ಇಳಿಯುತ್ತೇನೆ. ನೀವು ಕನ್ನಡ ಮೇಷ್ಟ್ರು, ದೋಣಿಗೆ ಒಂದು ಒಳ್ಳೆಯ ಹೆಸರು ಕೊಡಿ."

ಆ ಜಾತಿಯ ದೋಣಿಗೆ ನಮ್ಮ ನೆರೆಯವರೇ ಹೆಸರು ಕೊಟ್ಟಿದ್ದಾರೆ. ತಮಿಳಿನಲ್ಲಿ 'ಕಟ್ಟುಮರಂ' ಎಂದರೆ ಕಟ್ಟಿದ ಮರ. ಚೋಳಮಂಡಲ ತೀರದ ಬೆಸ್ತರು ಮೊಳೆಯಿಲ್ಲದೆ ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿ ಅಲೆಗಳ ಮೇಲೆ ಹೋಗುತ್ತಿದ್ದುದನ್ನು ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದನು. ಆ ಹೆಸರು ಮುಂದೆ, ಪೆಸಿಫಿಕ್ ದ್ವೀಪವಾಸಿಗಳು ಬಹು ಹಿಂದೆಯೇ ಬಲ್ಲ ಜೋಡಿ ಒಡಲಿನ ದೋಣಿಗೆ ಅಂಟಿಕೊಂಡಿತು. 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಶಾಫ್ ಇಂಥದೊಂದನ್ನು ಕಟ್ಟಿ ಪಂದ್ಯದಲ್ಲಿ ಎಲ್ಲರನ್ನೂ ಹಿಂದೆ ಹಾಕಿದಾಗ, ಮೆಚ್ಚುವುದಕ್ಕೆ ಬದಲಾಗಿ ಆ ಜಾತಿಯನ್ನೇ ಪಂದ್ಯದಿಂದ ಹೊರಗಿಟ್ಟರಂತೆ! ಮರಳಿನಿಂದಲೇ ನೀರಿಗೆ ತಳ್ಳಬಹುದಾದ ಹಗುರ ಮಾದರಿಯನ್ನು 1960ರ ದಶಕದ ಕೊನೆಯಲ್ಲಿ ಜನಪ್ರಿಯಗೊಳಿಸಿದವನು ಕ್ಯಾಲಿಫೋರ್ನಿಯದ ಹೋಬಾರ್ಟ್ ಆಲ್ಟರ್.

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವನಿಗೆ ಸಮುದ್ರದ ಗೊಡವೆ ಏಕೆಂದು ಓದುಗರು ಕೇಳಬಹುದು. ಕಾರಣವುಂಟು. ಕಳೆದ ವರ್ಷ ನಾನೂ ಒಂದು ಹಳೆಯ ದೋಣಿಗೆ ಹೊಸ ಒಡೆಯನಾಗಿದ್ದೆ.

ಅದು ಒಂದು ಹರಿಗೋಲು. ಬಿದಿರಿನ ದಬ್ಬೆಗಳನ್ನು ಹೆಣೆದು ಮಾಡಿದ ದೊಡ್ಡ ಬುಟ್ಟಿ. ಹೊರಗೆ ಗೋಣಿಬಟ್ಟೆ, ಅದರ ಮೇಲೆ ಡಾಂಬರು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಡೊಮಿಂಗೊ ಪಾಯೆಸ್ ಬರೆದಿರುವುದು ಇದನ್ನೇ. ಆಗ ಹೊದಿಕೆ ಚರ್ಮದ್ದಾಗಿತ್ತು, ಒಂದರಲ್ಲಿ ಹದಿನೈದಿಪ್ಪತ್ತು ಜನ ಹೊಳೆ ದಾಟುತ್ತಿದ್ದರು. ನನ್ನದು ಇಬ್ಬರಿಗೆ ಸಾಕಾಗುವಷ್ಟು ಚಿಕ್ಕದು. ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ ಮುದುಕನೊಬ್ಬ ಕಣ್ಣು ಮಂಜಾಯಿತೆಂದು ಮಾರಿದ. ಅವನ ಮಕ್ಕಳಿಬ್ಬರೂ ಬೆಂಗಳೂರು ಸೇರಿದ್ದರು. ನಿವೃತ್ತನಾದ ನನಗೆ ಮೊಮ್ಮಗನೊಡನೆ ಕೆರೆಯಲ್ಲಿ ತೇಲುವ ಆಸೆ.

ನಮ್ಮೂರಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಗಂಗರಾಜನ ಮಗ ಬೊಪ್ಪನು ಕಟ್ಟಿಸಿದನು. ಅದರ ಕಂಬಗಳು ಇಂದಿಗೂ ಮುಖ ಕಾಣುವಂತೆ ಹೊಳೆಯುತ್ತವೆ. ಬಾಲ್ಯದಿಂದ ಅವನ್ನು ನೋಡಿದ ನನಗೆ, ಹೊಳೆಯುವುದೆಲ್ಲ ಗಟ್ಟಿ ಎಂಬ ಭ್ರಮೆ ಬಂದಿತ್ತೋ ಏನೋ! ಹರಿಗೋಲಿಗೆ ಎರಡು ಸಲ ಡಾಂಬರು ಬಳಿದೆ. ಅಂಚಿನ ಹಳೆಯ ಹಗ್ಗ ಸಡಿಲವಾಗಿ ಕಂಡಿತು. ಅದನ್ನು ಕಿತ್ತು, ಕಬ್ಬಿಣದ ತಂತಿಯನ್ನು ಇಕ್ಕಳದಿಂದ ತಿರುಚಿ ಬಿಗಿದೆ. ಅಂಚಿಗೆ ಹಸಿರು ಬಣ್ಣ. ಮನೆಯಾಕೆ ಕೂಡ "ಚೆನ್ನಾಗಿದೆ" ಎಂದಳು.

ಎಂಟು ವರ್ಷದ ಮೊಮ್ಮಗನನ್ನು ಕೂರಿಸಿಕೊಂಡು ಹುಟ್ಟು ಹಾಕಿದೆ. ದಡದಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾಲ ಬುಡದಲ್ಲಿ 'ಚಟ್' ಎಂದಿತು. ನೀರು ಸಣ್ಣ ಕಾರಂಜಿಯಂತೆ ಚಿಮ್ಮಿತು. ಅಲ್ಲಿ ನೀರು ನನಗೆ ಎದೆಮಟ್ಟ. ಅಂದರೆ ಅವನಿಗೆ ತಲೆ ಮೀರಿದ ಆಳ. ಅವನನ್ನು ಹೆಗಲ ಮೇಲೆ ಹೊತ್ತು ಕೆಸರಿನಲ್ಲಿ ಕಾಲೆಳೆದುಕೊಂಡು ದಡ ಸೇರಿದೆ. ಮನೆಯಾಕೆ ಒಂದು ಮಾತೂ ಆಡಲಿಲ್ಲ. ಸೆರಗಿನಿಂದ ಹುಡುಗನ ತಲೆಯನ್ನು ಒರೆಸುತ್ತಲೇ ಇದ್ದಳು. ಬೈದಿದ್ದರೆ ವಾಸಿಯಾಗಿತ್ತು.

ಮರುದಿನ ಮುದುಕನನ್ನು ಕರೆತಂದೆ. ಮಾರಿದವನನ್ನು ಮೊದಲೇ ಕರೆಯಲು ಮೇಷ್ಟ್ರ ಬಿಂಕ ಬಿಟ್ಟಿರಲಿಲ್ಲ. ಅವನು ಹರಿಗೋಲನ್ನು ಬೋರಲು ಹಾಕಿಸಿ, ಮಂಜುಗಣ್ಣುಗಳನ್ನು ಮುಚ್ಚಿಕೊಂಡು, ಬೆರಳ ಗೆಣ್ಣಿನಿಂದ ಒಂದೊಂದೇ ದಬ್ಬೆಯನ್ನು ತಟ್ಟುತ್ತ ಬಂದ. ಮೂರು ಕಡೆ ನಿಂತ. ಕೆರೆದು ನೋಡಿದರೆ ಅಲ್ಲೆಲ್ಲ ಕುಟ್ಟೆ ಹಿಡಿದು ಬಿದಿರು ಹಿಟ್ಟಾಗಿತ್ತು. ನಾನು ಅದರ ಮೇಲೆಯೇ ಡಾಂಬರು ಬಳಿದಿದ್ದೆ! ಆಮೇಲೆ ಅಂಚಿನ ತಂತಿಯ ಮೇಲೆ ಕೈಯಾಡಿಸಿದ.

"ಮೇಷ್ಟ್ರೇ, ನೀರು ಒತ್ತಿದಾಗ ಇದು ಬಳುಕ್ಬೇಕು. ಹಗ್ಗ ಆದ್ರೆ ಅದ್ರ ಜೊತೆ ಬಳುಕ್ತದೆ. ತಂತಿ ಕುಯ್ದುಬಿಡ್ತದೆ. ಅದಕ್ಕೇ ಹಗ್ಗ ಸಡ್ಲ ಬಿಟ್ಟಿದ್ದೆ. ಒಂದ್ ಮಾತು ಕೇಳಬಾರ್ದಿತ್ತಾ?"

ನಾನು ದೋಷವೆಂದು ತಿದ್ದಿದ್ದು ಅವನ ಜಾಣ್ಮೆಯನ್ನೇ! ಎರಡು ವಾರ ಅವನ ಕೈಕೆಳಗೆ ಕೆಲಸ ಮಾಡಿದೆ. ಹಳೆಯ ಡಾಂಬರನ್ನು ಹೆರೆದೆವು. ಹುಳು ಹತ್ತದಂತೆ ನೀರಿನಲ್ಲಿ ನೆನೆಹಾಕಿ ಒಣಗಿಸಿದ್ದ ಬಿದಿರನ್ನು ಸೀಳಿ ಹೊಸ ದಬ್ಬೆ ಸೇರಿಸಿದೆವು. ಬಟ್ಟೆ ಹೊದಿಸಿ ಬಿಸಿ ಡಾಂಬರು ಬಳಿದು, ಜನ ಕೂರುವ ಮೊದಲು ಕಲ್ಲು ತುಂಬಿ ದಡದಲ್ಲೇ ಒಂದು ದಿನ ತೇಲಿಸಿದೆವು. ಈಗ ಅದು ಬಳಸದ ದಿನಗಳಲ್ಲಿ ಗೆದ್ದಲು ಮುಟ್ಟದಂತೆ ಕಲ್ಲುಗಳ ಮೇಲೆ, ನೆರಳಿನಲ್ಲಿ, ಬೋರಲಾಗಿ ಮಲಗುತ್ತದೆ.

ಇಷ್ಟು ಕಲಿತವನು ಅಳಿಯನಿಗೆ ಬರಿಯ ಹೆಸರು ಕಳುಹಿಸುವುದು ಹೇಗೆ? ಮೂರು ದಿನ ಅವನ ದೋಣಿಯ ವಿಚಾರವನ್ನೇ ಓದಿ ಹೀಗೆ ಬರೆದೆ:

"ಚಿರಂಜೀವಿ, ಬಣ್ಣದ ಡಬ್ಬಿಯನ್ನು ಸದ್ಯಕ್ಕೆ ತೆರೆಯಬೇಡ. ಒಡಲನ್ನು ಉದ್ದಕ್ಕೂ ತಟ್ಟುತ್ತ ಹೋಗು. ಗಾಜುನಾರಿನ ಪದರ ಒಳಗಿನಿಂದ ಬಿಟ್ಟುಕೊಂಡಿದ್ದರೆ ಸದ್ದು ಮಂದವಾಗುತ್ತದೆ, ಒತ್ತಿದರೆ ಮೆತ್ತಗಿರುತ್ತದೆ. ಹಾಯಿಕಂಬವನ್ನು ಹಿಡಿದಿರುವ ತಂತಿಗಳ ಮೇಲೆ ಬಟ್ಟೆಯ ಚೂರನ್ನು ಎಳೆ. ಎಲ್ಲಿ ಸಿಕ್ಕಿಕೊಳ್ಳುವುದೋ ಅಲ್ಲಿ ಎಳೆ ಹರಿದಿದೆ ಎಂದು ತಿಳಿ. ಹಳೆಯ ತಂತಿಗಳ ವಯಸ್ಸು ತಿಳಿಯದಿದ್ದರೆ ಬದಲಾಯಿಸುವುದೇ ಕ್ಷೇಮ. ಒಂದು ಹರಿದರೆ ಕಂಬವೇ ತಲೆಯ ಮೇಲೆ ಬೀಳುತ್ತದೆ. ಹಾಸನ್ನು ಬಿಗಿದ ಹಗ್ಗ ಬಿಸಿಲಿಗೆ ಪುಡಿಯಾಗಿರುತ್ತದೆ, ಅದನ್ನೂ ಬದಲಿಸು. ಒಡಲಿನ ಹಿಂತುದಿಯ ಬಿರಡೆಗಳು, ಚುಕ್ಕಾಣಿಯ ಕೀಲುಗಳು ಭದ್ರವಾಗಿರಲಿ. ನನ್ನ ಹರಿಗೋಲು ಬಳುಕಬೇಕು. ನಿನ್ನ ಅಡ್ಡತೊಲೆಗಳ ಮೂಲೆಗಳು ಅಲುಗಕೂಡದು. ಯಾವುದು ಬಳುಕಬೇಕು, ಯಾವುದು ಅಲುಗಕೂಡದು ಎಂಬುದನ್ನು ಅಲ್ಲಿಯ ಅನುಭವಸ್ಥರನ್ನು ಕೇಳಿ ತಿಳಿ. ಕಂಬವನ್ನು ಎತ್ತುವ ಮುನ್ನ ತಲೆಯೆತ್ತಿ ನೋಡು: ಮೇಲೆ ವಿದ್ಯುತ್ ತಂತಿ ಇದ್ದರೆ ಅಲ್ಯೂಮಿನಿಯಂ ಕಂಬ ಪ್ರಾಣ ತೆಗೆಯುತ್ತದೆ. ಮೊದಲ ಸಲ ಪುಟ್ಟಿ ದಡದಲ್ಲಿರಲಿ. ಎರಡನೆಯ ಸಲವೂ ಇರಲಿ."

ಎಂಟು ದಿನ ಉತ್ತರವಿಲ್ಲ. ಮುದುಕಪ್ಪನಿಗೆ ಬುದ್ಧಿ ಹೇಳುವ ಚಪಲ ಎಂದುಕೊಂಡನೇನೋ ಎಂದು ನಾನು ಪೆಚ್ಚಾಗಿದ್ದೆ. ಮೊನ್ನೆ ಮತ್ತೊಂದು ಚಿತ್ರ ಬಂದಿತು. ಅಂಗೈಯಲ್ಲಿ ಒಂದು ತುಂಡು ತಂತಿ. ಅದರಲ್ಲಿ ಮೂರು ಎಳೆಗಳು ಹರಿದು ಮುಳ್ಳಿನಂತೆ ನಿಂತಿವೆ. "ಮಾವ, ಎಡಗಡೆಯದು. ಬಟ್ಟೆ ಸಿಕ್ಕಿಕೊಂಡಿತು. ಎಲ್ಲವನ್ನೂ ಬದಲಾಯಿಸುತ್ತಿದ್ದೇನೆ. ಪುಟ್ಟಿಗೆ ಇನ್ನೊಂದು ತಿಂಗಳು ಎಂದು ಹೇಳಿದ್ದೇನೆ, ಅತ್ತಳು. ಅಳಲಿ."

ಆ ಚಿತ್ರವನ್ನು ಮುದುಕನ ಬಳಿಗೆ ಕೊಂಡೊಯ್ದೆ. ಅವನಿಗೆ ಕಾಣಲಿಲ್ಲ. ಬಾಯಿಮಾತಿನಲ್ಲಿ ವಿವರಿಸಿದಾಗ ತಲೆದೂಗಿ, "ಹುಡುಗ ಮುಟ್ಟಿ ನೋಡಿದ್ನಲ್ಲ, ಬಿಡಿ, ಇನ್ ಪರವಾಗಿಲ್ಲ" ಎಂದ.

ದೋಣಿಗೆ ಹೆಸರನ್ನು ನಾನು ಇನ್ನೂ ಕಳುಹಿಸಿಲ್ಲ. ಅವನೂ ಮತ್ತೆ ಕೇಳಿಲ್ಲ.