ಮಾತು ತಡವಾದರೆ ಕಾಯೋಣ

ಮಕ್ಕಳೇ, ‘ಲಕ್ವ ಹೊಡೆಯಿತು’ ಎಂದು ಹಿರಿಯರು ಹೇಳುವುದನ್ನು ಕೇಳಿರುತ್ತೀರಿ. ಅದು ಮುದುಕರಿಗೆ ಬರುವ ಕಾಯಿಲೆ ಎಂದೇ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಬೆಂಗಳೂರಿನ ಝೆರೋಧಾ ಸಂಸ್ಥೆಯ ನಿತಿನ್ ಕಾಮತ್ ಅವರಿಗೆ 2024ರ ಆರಂಭದಲ್ಲಿ ಪಾರ್ಶ್ವವಾಯು ಬಂದಾಗ ವಯಸ್ಸು 44. ವ್ಯಾಯಾಮ ಬಿಡದ ಮನುಷ್ಯ. ಆದರೂ ಮುಖ ಒಂದು ಕಡೆ ಜೋತುಬಿತ್ತು, ಓದಲು ಬರೆಯಲು ಆಗದಾಯಿತು. ಕೆಲವು ವಾರಗಳ ನಂತರ, ಓದು ಬರಹ ಮರಳುತ್ತಿದೆ, ಪೂರ್ತಿ ಚೇತರಿಕೆಗೆ ತಿಂಗಳುಗಳೇ ಬೇಕು ಎಂದು ಅವರೇ ತಿಳಿಸಿದರು.

ಇಂಥದ್ದು ನಮ್ಮ ಧರ್ಮಪುರದಂಥ ಊರಿನ ಮೂವತ್ತರ ಯುವಕನಿಗೂ ಆಗಬಹುದು. ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ, ಇಲ್ಲವೇ ನಾಳವೇ ಒಡೆದರೆ, ಆ ಭಾಗದ ಕೆಲಸ ನಿಲ್ಲುತ್ತದೆ. ಮಿದುಳಿನ ಎಡಭಾಗ ದೇಹದ ಬಲಗಡೆಯನ್ನು ನಡೆಸುತ್ತದೆ. ಹೆಚ್ಚಿನವರಲ್ಲಿ ಮಾತಿನ ಕೆಲಸವೂ ಅದರದೇ. ಹೀಗಾಗಿ ಬಲಗೈ ಸೋತವರಲ್ಲಿ ಹಲವರಿಗೆ ಮಾತೂ ತೊಡರುತ್ತದೆ.

ಹಾಗಾದರೆ ಕೈ, ಮಾತು ಮರಳುವುದು ಹೇಗೆ? ಹಿರಿಯೂರು ಸೀಮೆಯ ತಾತಂದಿರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಲುವೆ ಒಡೆದರೆ ಪಕ್ಕದಲ್ಲಿ ಹೊಸದು ತೋಡಿ ನೀರು ಹಾಯಿಸುತ್ತೇವಲ್ಲ? ಮೊದಲ ದಿನ ನೀರನ್ನೆಲ್ಲ ನೆಲವೇ ಹೀರುತ್ತದೆ. ದಿನಾ ಹಾಯಿಸಿದರೆ ದಾರಿ ಗಟ್ಟಿಯಾಗುತ್ತದೆ. ಮಿದುಳಿನಲ್ಲಿ ಉಳಿದ ಭಾಗಗಳೂ ಹೀಗೆಯೇ ಹೊಸ ದಾರಿ ಮಾಡಿಕೊಳ್ಳುತ್ತವೆ. ಅದೇ ಕೈಯನ್ನು ಮತ್ತೆ ಮತ್ತೆ ಆಡಿಸಿ ಎಂದು ಫಿಸಿಯೋಥೆರಪಿಯವರು ಹೇಳುವುದು ಇದಕ್ಕೇ.

ನಿಮ್ಮ ಚಿಕ್ಕಪ್ಪನಿಗೇ ಹೀಗಾಗಿದೆ ಎಂದುಕೊಳ್ಳಿ. ಈಗ ಕೋಲು ಬಿಟ್ಟು ನಡೆಯುತ್ತಾರೆ. ‘ಚೆನ್ನಾಗಿದ್ದಾನಲ್ಲ, ಕೆಲಸಕ್ಕೆ ಯಾಕೆ ಹೋಗಲ್ಲ?’ ಎಂದು ಊರು ಕೇಳುತ್ತದೆ. ಊರಿಗೆ ಕಾಣದ್ದು ಬೇರೆ ಇದೆ. ಸ್ವಲ್ಪ ಹೊತ್ತಿಗೇ ಮಿದುಳು ದಣಿಯುತ್ತದೆ. ಗಲಾಟೆ ತಡೆಯಲಾಗುವುದಿಲ್ಲ. ಲೋಟ ಬೇಕೆಂದು ಮನಸ್ಸಿಗೆ ಗೊತ್ತು, ಬಾಯಲ್ಲಿ ‘ಚಮಚ’ ಬರುತ್ತದೆ. ಬುದ್ಧಿ ಹೋಗಿಲ್ಲ ಮಕ್ಕಳೇ, ಪದ ಸಿಗುತ್ತಿಲ್ಲ ಅಷ್ಟೇ. ಆಗ ನಗಬೇಡಿ. ಅವರ ಮಾತನ್ನು ನೀವೇ ಮುಗಿಸಬೇಡಿ. ಟಿ.ವಿ. ಆರಿಸಿ, ಎದುರು ಕುಳಿತು ಕಾಯಿರಿ. ಸಂಜೆ ಚೌಕಾಬಾರಕ್ಕೆ ಕರೆಯಿರಿ. ಸೋತ ಕೈಯಿಂದಲೇ ಕವಡೆ ಹಾಕಲಿ, ಕಾಯಿ ನಡೆಸಲಿ. ಆಟವೂ ಆಯಿತು, ಅಭ್ಯಾಸವೂ ಆಯಿತು.

ಅಜ್ಜ ಅಜ್ಜಿಯರಿಗೂ ಒಂದು ಮಾತು. ‘ನಾವು ಹೋದಮೇಲೆ ಇವನ ಗತಿ ಏನು?’ ಎಂಬ ಚಿಂತೆ ನಿಮ್ಮನ್ನು ನಿದ್ದೆಗೆಡಿಸುತ್ತದೆ. ಅದೇ ಅಕ್ಕರೆಯಲ್ಲಿ ತುತ್ತು ಕೊಡುತ್ತೀರಿ, ಅಂಗಿಯ ಗುಂಡಿ ಹಾಕುತ್ತೀರಿ. ಗುಂಡಿ ಹಾಕಿಕೊಳ್ಳಲು ಅವನಿಗೆ ಹತ್ತು ನಿಮಿಷ ಹಿಡಿದರೆ ಹಿಡಿಯಲಿ, ಬಿಡಿ. ನಿಮ್ಮ ಚಿಂತೆಗೆ ಉತ್ತರ ಆ ಹತ್ತು ನಿಮಿಷದಲ್ಲಿದೆ. ಪಾರಿವಾಳದ ರಕ್ತ ಹಚ್ಚಿದರೆ ಲಕ್ವ ಹೋಗುವುದಿಲ್ಲ. ‘ಈಗ ವಾಸಿಯಾಯಿತಲ್ಲ’ ಎಂದು ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಮತ್ತೊಮ್ಮೆ ಬರುವ ಅಪಾಯವಿದೆ.

ಕೊನೆಗೆ, ಇದನ್ನು ಎಲ್ಲರೂ ನೆನಪಿಡಿ. ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಎತ್ತಿದ ಕೈ ಜಾರಿದರೆ, ಮಾತು ತೊದಲಿದರೆ, ಮಲಗಿದರೆ ಸರಿಹೋಗುತ್ತದೆ ಎಂದು ಬಿಡಬೇಡಿ. ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ಸ್ಕ್ಯಾನ್ ಮಾಡಿ ಕೊಡಬೇಕು. ಹಳ್ಳಿಯಿಂದ ಅಂಥ ಆಸ್ಪತ್ರೆ ದೂರ. ತಕ್ಷಣ 108ಕ್ಕೆ ಫೋನ್ ಮಾಡಿ. ದೊಡ್ಡವರು ಗಾಬರಿಯಲ್ಲಿದ್ದರೆ ಮಕ್ಕಳೇ, ನೀವೇ ಮಾಡಿ.