ಗುಂಡು ನಗರದ ಹೊರಗಿನವರು

ಹೋದ ವರ್ಷ ನಮ್ಮ ಕಾಲೇಜಿನ ವಸ್ತುಪ್ರದರ್ಶನಕ್ಕೆ ನಾವು ಕಲಾ ವಿಭಾಗದವರು ಬಾಗ್ದಾದಿನ ಮಾದರಿ ಮಾಡಿದ್ದೆವು. ಥರ್ಮೋಕೋಲಿನ ದುಂಡನೆಯ ಗೋಡೆ, ನಾಲ್ಕು ಬಾಗಿಲು, ನಡುವೆ ಮಸೀದಿ, ಅರಮನೆ, ಅರಮನೆಯ ಮೇಲೆ ಹಸಿರು ಗುಮ್ಮಟ. ಚೆನ್ನಾಗಿಯೇ ಬಂದಿತ್ತು. ನೋಡಲು ಬಂದ ಸಹಪಾಠಿಯೊಬ್ಬನ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಮೇಜಿನ ಸುತ್ತ ಒಂದು ಸುತ್ತು ಬಂದು, "ಎಲ್ಲಾ ಸರಿ ಬೇಟಾ, ಈ ಜನ ಹಿಟ್ಟು ಬೇಳೆ ಎಲ್ಲಿಂದ ತರ್ತಾರೆ?" ಎಂದು ಕೇಳಿದರು. ನಾವು ನಕ್ಕುಬಿಟ್ಟೆವು. ಉತ್ತರ ಗೊತ್ತಿರಲಿಲ್ಲ, ಅದಕ್ಕೇ ನಕ್ಕಿದ್ದು.

ಉತ್ತರ ಆಮೇಲೆ ಲೈಬ್ರರಿಯಲ್ಲಿ ಸಿಕ್ಕಿತು: ಕರ್ಖ್.

ಖಲೀಫ ಅಲ್ ಮನ್ಸೂರ್ ಅವರು 762ರಲ್ಲಿ ಗುಂಡು ನಗರವನ್ನು ಕಟ್ಟಿಸಲು ಆರಂಭಿಸಿದರು. ಮೊದಲು ಅಂಗಡಿಗಳೂ ಗೋಡೆಯ ಒಳಗೇ ಇದ್ದವು. ಬೈಜಾಂಟಿಯಂನಿಂದ ಬಂದ ರಾಯಭಾರಿಯೊಬ್ಬ ಊರೆಲ್ಲ ನೋಡಿ, ಕೋಟೆ ಚೆನ್ನಾಗಿದೆ, ಆದರೆ ಶತ್ರು ನಿಮ್ಮ ಜೊತೆಯಲ್ಲೇ ಇದ್ದಾನೆ, ವ್ಯಾಪಾರದ ನೆಪದಲ್ಲಿ ಯಾರು ಬೇಕಾದರೂ ಒಳಗೆ ಬರಬಹುದು ಎಂದನೆಂದು ಹಳೆಯ ಇತಿಹಾಸಕಾರರು ಬರೆದಿದ್ದಾರೆ. 774ರ ಸುಮಾರಿಗೆ ಸಂತೆಯೆಲ್ಲ ದಕ್ಷಿಣಕ್ಕೆ, ಗೋಡೆಯ ಹೊರಗಿನ ಕರ್ಖ್‌ಗೆ ಹೋಯಿತು. ಕಟುಕರನ್ನು ಬಜಾರಿನ ತೀರಾ ಕೊನೆಗೆ ಕೂರಿಸಿ, ಅವರ ಕೈಯಲ್ಲಿ ಹರಿತವಾದ ಕಬ್ಬಿಣ ಇರುತ್ತದೆ ಎಂದು ಖಲೀಫರು ಹೇಳಿದರಂತೆ. (ನಮ್ಮ ಊರುಗಳಲ್ಲೂ ಮಟನ್ ಮಾರ್ಕೆಟ್ ಮೂಲೆಯಲ್ಲೇ ಇರುವುದು. ಕಾರಣ ಇದೇ ಇರಲಿಕ್ಕಿಲ್ಲ!)

ಕರ್ಖ್ ಎಂಬುದು ಅರಬ್ಬಿ ಹೆಸರೇ ಅಲ್ಲ. ಅದು ಅರಾಮಿಕ್ ಭಾಷೆಯದು, ಬಾಗ್ದಾದಿಗಿಂತ ಹಳೆಯದು. ಒಂಬತ್ತನೆಯ ಶತಮಾನದ ಅಲ್ ಯಾಕೂಬಿ ಈ ಬಜಾರನ್ನು ವರ್ಣಿಸುತ್ತಾ, ಒಂದೊಂದು ಕಸುಬಿಗೆ ಒಂದೊಂದು ಬೀದಿ ಇತ್ತು, ಒಬ್ಬರ ಬೀದಿಯಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲ ಎನ್ನುತ್ತಾರೆ. ಆ ಕಡೆಯ ಒಂದು ಬಜಾರಿನಲ್ಲಿ ಪುಸ್ತಕದ ಅಂಗಡಿಗಳೇ ನೂರಕ್ಕೂ ಹೆಚ್ಚು ಇದ್ದವಂತೆ. ಪುಸ್ತಕ ನಕಲು ಮಾಡಿ ಮಾರುತ್ತಿದ್ದವರನ್ನು ವರ್ರಾಕ್ ಎಂದು ಕರೆಯುತ್ತಿದ್ದರು. ಬಾಗ್ದಾದಿನ ಅಂಥ ಒಬ್ಬ ವರ್ರಾಕ್, ಇಬ್ನ್ ಅಲ್ ನದೀಮ್, 987ರಲ್ಲಿ ತನಗೆ ತಿಳಿದ ಅರಬ್ಬಿ ಪುಸ್ತಕಗಳನ್ನೆಲ್ಲ ಪಟ್ಟಿ ಮಾಡಿ 'ಫಿಹ್ರಿಸ್ತ್' ಬರೆದ. ಗೋಡೆಯ ಹೊರಗಿನವರ ವ್ಯಾಪಾರ ಎಲ್ಲಿಗೆ ಮುಟ್ಟಿತು ನೋಡಿ. ಹಸಿರು ಗುಮ್ಮಟ 941ರಲ್ಲಿ ಕುಸಿದು ಬಿತ್ತು. ಗುಂಡು ನಗರದ ಗೋಡೆ ಇವತ್ತು ಕಣ್ಣಿಗೆ ಬೀಳುವುದಿಲ್ಲ. ಕರ್ಖ್ ಹೆಸರು ಮಾತ್ರ ಹಾಗೇ ಇದೆ. ಟೈಗ್ರಿಸ್ ನದಿಯ ಪಶ್ಚಿಮದ ಬಾಗ್ದಾದನ್ನು ಜನ ಈಗಲೂ ಕರ್ಖ್ ಎಂದೇ ಕರೆಯುತ್ತಾರೆ.

ಇದನ್ನು ಓದುತ್ತಾ ಕೂತಾಗ ನನಗೆ ನೆನಪಾದದ್ದು ನಮ್ಮ ಕೌಲ್‌ಬಜಾರ್.

ನಮ್ಮಲ್ಲಿ ಅಲ್ಲಿಂದ ಬರುವವರು ಎಷ್ಟು ಜನ? ಕೈ ಎತ್ತಿ ಅಂದರೆ ಅರ್ಧ ಕ್ಲಾಸು ಎತ್ತುತ್ತದೆ. ಆದರೆ ಹೊರಗಿನವರು "ಯಾವ ಏರಿಯಾ?" ಎಂದು ಕೇಳಿದಾಗ ನಾನೇ ಎಷ್ಟೋ ಸಲ "ಕಂಟೋನ್ಮೆಂಟ್ ಹತ್ತಿರ" ಎಂದು ಹೇಳಿದ್ದೇನೆ. ಒಮ್ಮೆ ಒಂದು ಕಡೆ ರಜೆಯ ಕೆಲಸಕ್ಕೆ ಹೋಗಿದ್ದಾಗ ಏರಿಯಾದ ಹೆಸರು ಹೇಳಿದ ಮೇಲೆ ಎದುರಿನವರ ಮುಖ ಬದಲಾದದ್ದನ್ನು ಕಂಡಿದ್ದೆ. ಅವತ್ತಿನಿಂದ ಬಂದ ಚಟ ಅದು.

ಹೆಸರಿನ ಅರ್ಥ ತಿಳಿದ ಮೇಲೆ ನಾಚಿಕೆಯಾಯಿತು. ಅರಬ್ಬಿಯಲ್ಲಿ ಕೌಲ್ ಅಂದರೆ ಮಾತು. ಉರ್ದುವಿನಲ್ಲಿ ಕೊಟ್ಟ ಮಾತು, ವಚನ. ಕವ್ವಾಲಿ ಎಂಬ ಪದವೂ ಅದೇ ಬೇರಿನದು. ಕನ್ನಡದ ಹಳೆಯ ಕಂದಾಯ ಕಾಗದಗಳಲ್ಲಿ 'ಕೌಲು' ಅಂದರೆ ಬಂದು ನೆಲೆಸುವವರಿಗೆ, ಉಳುವವರಿಗೆ ಸರ್ಕಾರ ಬರೆದುಕೊಡುವ ಕರಾರು, ಅಭಯಪತ್ರ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು, ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ, ಬಳ್ಳಾರಿಯಲ್ಲಿ ದಂಡು ಬೀಡುಬಿಟ್ಟಿತು. ದಂಡಿಗೆ ರೊಟ್ಟಿ ಬೇಕು, ಮಾಂಸ ಬೇಕು, ಕುದುರೆಗೆ ಮೇವು ಬೇಕು, ಹರಿದ ಅಂಗಿಗೆ ದರ್ಜಿ ಬೇಕು. ಅವರಿಗೆಲ್ಲ ಒಂದು ಬಜಾರು ಬೇಕಾಯಿತು. ಅಂದರೆ ನಮ್ಮದು ಮಾತು ಕೊಟ್ಟು ಕರೆದವರ ಬಜಾರು. ನಾನು ಮುಚ್ಚಿಡುತ್ತಿದ್ದದ್ದು ಈ ಹೆಸರನ್ನು.

ಗುಡ್ಡದ ಮೇಲಿನ ಕೋಟೆಗೆ ಕಥೆ ಇದೆ. ಹೈದರಾಲಿ ಅವರ ಫ್ರೆಂಚ್ ಎಂಜಿನಿಯರ್, ಎದುರಿನ ಕುಂಬಾರ ಗುಡ್ಡವೇ ಎತ್ತರವಾಗಿದೆ ಎಂದು ತಿಳಿದ ಮೇಲೆ ಅವನಿಗಾದ ಗತಿ, ಬಳ್ಳಾರಿಯ ಮಕ್ಕಳಿಗೆಲ್ಲ ಬಾಯಿಪಾಠ. ನಮ್ಮ ಗಲ್ಲಿಗಳ ಕಥೆಯನ್ನು ಯಾರು ಹೇಳಬೇಕು? ಈ ಗಲ್ಲಿಗೆ ಈ ಹೆಸರು ಯಾಕೆ, ಮೊದಲು ಬಂದವರು ಯಾವ ಊರಿನವರು, ದಂಡು ಹೋದ ಮೇಲೆ ಹೊಲಿಯುವವರು ಏನು ಹೊಲಿದರು? ಇವತ್ತು ಬಳ್ಳಾರಿ ಜೀನ್ಸ್ ಅಂದರೆ ದೂರದೂರಿನವರಿಗೂ ಗೊತ್ತು. ನಮ್ಮ ಮನೆಯಲ್ಲೇ ಅಮ್ಮಿ ರಾತ್ರಿ ಹತ್ತರವರೆಗೆ ಪ್ಯಾಂಟಿನ ದಾರ ಕತ್ತರಿಸಿ ಡಜನ್ ಲೆಕ್ಕದಲ್ಲಿ ಕಟ್ಟುತ್ತಾರೆ. ಆ ಲೆಕ್ಕದ ಚೀಟಿಗಳೂ ಇತಿಹಾಸವೇ ಎಂದು ನನಗೆ ಹೊಳೆದದ್ದು ಕರ್ಖ್ ಬಗ್ಗೆ ಓದಿದ ಮೇಲೆ.

ನಮ್ಮ ಏರಿಯಾ ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಮಳೆ ಬಂದರೆ ಚರಂಡಿ ಬೀದಿಗೆ ಬರುತ್ತದೆ, ರೈಲ್ವೆ ಗೇಟು ಬಿದ್ದರೆ ಮೊದಲ ಪೀರಿಯಡ್ ಹೋಯಿತೆಂದೇ ಲೆಕ್ಕ. ಅದನ್ನೂ ಬರೆಯೋಣ. ನನ್ನ ವಾದ ಇಷ್ಟೇ: ಈ ವರ್ಷದ ಪ್ರದರ್ಶನಕ್ಕೆ ಥರ್ಮೋಕೋಲ್ ತರುವುದು ಬೇಡ. ಪ್ರತಿಯೊಬ್ಬರೂ ತಮ್ಮ ಬೀದಿಯ ಇಬ್ಬರು ಹಿರಿಯರ ಹತ್ತಿರ ಕೂತು, ಅವರು ಹೇಳಿದ್ದನ್ನು ಉರ್ದುವಿನಲ್ಲೋ ಕನ್ನಡದಲ್ಲೋ ತೆಲುಗಿನಲ್ಲೋ ಬರೆದುಕೊಂಡು ಬರಲಿ. ಮುಸ್ಲಿಮರ ಮನೆ ಮಾತ್ರ ಅಲ್ಲ, ಪಕ್ಕದ ಎಲ್ಲ ಮನೆಗಳೂ ಸೇರಲಿ. ಮಾರ್ಕಿಗೆ ಇದರಿಂದ ಲಾಭ ಇಲ್ಲ ಎಂದು ಕೆಲವರು ಹೇಳುತ್ತಾರೆ. ನಿಜ, ಇಲ್ಲ. ಆದರೆ ನನ್ನ ದಾದಾ ಹೋದ ರಂಜಾನಿಗೆ ತೀರಿಕೊಂಡರು, ಅವರನ್ನು ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಈಗ ನಾಲ್ಕು ಬೀದಿಗಳಾಗಿವೆ. ಐದನೆಯದಕ್ಕೆ, ಹಿಟ್ಟು ಬೇಳೆಯ ಪ್ರಶ್ನೆ ಕೇಳಿದ ಆ ಅಜ್ಜಿಯ ಮನೆಗೆ ಶುಕ್ರವಾರ ನಮಾಜ್ ಮುಗಿದ ಮೇಲೆ ಹೋಗುತ್ತಿದ್ದೇನೆ. ಬರುವವರು ಗೇಟಿನ ಹತ್ತಿರ ನಿಲ್ಲಿ.