ನೀಲಿ ಬೆಳಕಿನ ಸುಳ್ಳು

ಮನೆಯ ಹವಳದ ತೊಟ್ಟಿಯನ್ನು ಚಿತ್ರಿಸಲು ದುಬಾರಿ ಕ್ಯಾಮೆರಾ ಬೇಕಿಲ್ಲ. ಮುಂಬೈಯ ಬೋರಾ ಬಜಾರಿನಲ್ಲಿ ಮೆಗಾಪಿಕ್ಸೆಲ್ ವಿಚಾರಿಸುವವರು ವೈಟ್ ಬ್ಯಾಲೆನ್ಸ್ ವಿಚಾರಿಸುವುದು ಮೇಲು. ತೊಟ್ಟಿಯ ನೀಲಿ ಎಲ್ಇಡಿ ಆಟೊ ಮೋಡನ್ನು ಏಮಾರಿಸುತ್ತದೆ. ಬಣ್ಣವನ್ನು ಕೈಯಾರೆ ಹೊಂದಿಸಬಹುದಾದ, ಹತ್ತಿರದಿಂದ ಫೋಕಸ್ ಆಗುವ ಸೆಕೆಂಡ್ ಹ್ಯಾಂಡ್ ಕಾಂಪ್ಯಾಕ್ಟ್ ಸಾಕು. ಫ್ಲ್ಯಾಶ್ ಬೇಡ, ಲೆನ್ಸ್ ಗಾಜಿಗೆ ನೇರವಾಗಿರಲಿ.

ಇದು ಬರೀ ಅಂದದ ಮಾತಲ್ಲ. 25–26 ಡಿಗ್ರಿ ಸೆಲ್ಸಿಯಸ್ ಬಯಸುವ ತೊಟ್ಟಿ ಮೇ ತಿಂಗಳ ಸೆಕೆಯಲ್ಲಿ 30 ದಾಟಬಲ್ಲದು. ಆಗ ಹವಳ ತನ್ನೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ನೀಲಿ ಬೆಳಕಿನ ಹೊಳಪು ಅದನ್ನು ಮರೆಮಾಚುತ್ತದೆ. ವಾರಕ್ಕೊಮ್ಮೆ ಬಿಳಿ ಬೆಳಕಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಚಿತ್ರ ಮಾತ್ರ ನಿಜ ಹೇಳುತ್ತದೆ. ಕ್ಯಾಮೆರಾದಲ್ಲಿ ಉಳಿಸಿದ ಹಣ ನೀರು ತಂಪಾಗಿಸುವ ಚಿಲ್ಲರ್‌ಗೆ ಸಲ್ಲಲಿ. ಹವಳ ಬದುಕಿದ್ದರೆ ತಾನೇ ಚಿತ್ರ.